ಮಹಾವ್ಯಾಧನ ನೀಹಾರಿಕೆ: ಟ್ರೈಪಾಡ್ ಹೂಡುವುದರಿಂದ ಕೊನೆಯ ಚಿತ್ರದವರೆಗೆ

ಚಳಿಗಾಲ ಬಂತೆಂದರೆ ಒಂದೇ ಬಗೆಯ ಚಿತ್ರಗಳು ನನ್ನ ಬಳಿಗೆ ಬರುತ್ತವೆ. ನಡುವೆ ಸುಣ್ಣ ಬಳಿದಂತೆ ಬೆಳ್ಳಗಾದ ಉಂಡೆ, ಸುತ್ತಲೂ ಹಸಿರು ಛಾಯೆ, ನಕ್ಷತ್ರಗಳೆಲ್ಲ ಅಕ್ಕಿಕಾಳಿನ ಹಾಗೆ ಉದ್ದುದ್ದ. ಜೊತೆಗೆ ಒಂದೇ ಪ್ರಶ್ನೆ: ‘ಸರ್, ಇದನ್ನು ಕಂಪ್ಯೂಟರಿನಲ್ಲಿ ಹೇಗೆ ಸರಿ ಮಾಡೋದು?’

ಸರಿ ಮಾಡಲು ಬರುವುದಿಲ್ಲ. ಈ ಮೂರರಲ್ಲಿ ಹಸಿರು ಛಾಯೆಯೊಂದನ್ನು ಮಾತ್ರ ಆಮೇಲೆ ತೆಗೆಯಬಹುದು. ಉಳಿದೆರಡು ತಪ್ಪುಗಳು ಆದದ್ದು ಬಯಲಿನಲ್ಲಿ, ಅದೂ ಹೆಚ್ಚಾಗಿ ಮೊದಲ ಶಟರ್ ಒತ್ತುವ ಮುಂಚೆ. ಅದಕ್ಕೇ ಈ ಬರಹದ ಅರ್ಧಕ್ಕಿಂತ ಹೆಚ್ಚು ಭಾಗ ಕತ್ತಲಲ್ಲಿ ಮಾಡುವ ಕೆಲಸದ ಬಗ್ಗೆಯೇ ಇದೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ಇಲ್ಲಿ ಕ್ರಮ ತಪ್ಪಿದರೆ ಮಾಡಿದ ಕೆಲಸವನ್ನೇ ಮತ್ತೆ ಮಾಡಬೇಕಾಗುತ್ತದೆ.

ಮೊದಲ ಗುರಿಯಾಗಿ ಎಂ42, ಅಂದರೆ ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ನೀಹಾರಿಕೆಯನ್ನೇ ತೆಗೆದುಕೊಳ್ಳಿ. ಕಾರಣ ಎರಡು. ಮಾಮೂಲಿ ಡಿಎಸ್‌ಎಲ್‌ಆರ್ ಕ್ಯಾಮೆರಾದ ಸೆನ್ಸರ್ ಮುಂದಿರುವ ಫಿಲ್ಟರ್, ಹೈಡ್ರೋಜನ್ ಸೂಸುವ 656 ನ್ಯಾನೋಮೀಟರಿನ ಕೆಂಪು ಬೆಳಕಿನ ಬಹುಪಾಲನ್ನು ತಡೆದುಬಿಡುತ್ತದೆ. ಹಾರ್ಸ್‌ಹೆಡ್, ಕ್ಯಾಲಿಫೋರ್ನಿಯಾದಂಥ ನೀಹಾರಿಕೆಗಳು ಇದರಿಂದಲೇ ಹೊಸಬರಿಗೆ ಸಿಗುವುದಿಲ್ಲ. ಎಂ42 ಎಷ್ಟು ಪ್ರಕಾಶಮಾನವೆಂದರೆ ಆ ಫಿಲ್ಟರನ್ನೂ ದಾಟಿ ಬರುತ್ತದೆ. ಎರಡನೆಯದು ನಮ್ಮ ಅಕ್ಷಾಂಶ. ಬೆಂಗಳೂರಿನಿಂದ ನೋಡಿದರೆ ಇದು ದಕ್ಷಿಣೋತ್ತರ ರೇಖೆ ದಾಟುವಾಗ ಸುಮಾರು 71 ಡಿಗ್ರಿ ಎತ್ತರದಲ್ಲಿರುತ್ತದೆ. ಯೂರೋಪಿನವರಿಗೆ ಇದು ಆಕಾಶದಲ್ಲಿ ಬಹಳ ಕೆಳಗೆ ಕಂಡರೆ, ನಮಗೆ ಹೆಚ್ಚುಕಡಿಮೆ ನೆತ್ತಿಯ ಮೇಲೇ ಸಿಗುತ್ತದೆ.

## ಹಂತ 1: ರಾತ್ರಿಯನ್ನು ಆರಿಸಿ

ಪಂಚಾಂಗ ಅಥವಾ ಗೋಡೆಯ ಕ್ಯಾಲೆಂಡರ್ ಸಾಕು. ಕೃಷ್ಣ ಪಕ್ಷದ ದಶಮಿಯಿಂದ ಶುಕ್ಲ ಪಕ್ಷದ ಚೌತಿಯವರೆಗಿನ ರಾತ್ರಿಗಳು ನಿಮ್ಮವು. ದಶಮಿಯ ಚಂದ್ರ ಹುಟ್ಟುವುದು ಮಧ್ಯರಾತ್ರಿ ಕಳೆದು ಬಹಳ ಹೊತ್ತಿನ ಮೇಲೆ. ಚೌತಿಯ ಚಂದ್ರ ಊಟದ ಹೊತ್ತಿಗೆಲ್ಲ ಮುಳುಗಿರುತ್ತಾನೆ.

ಎಂ42 ಡಿಸೆಂಬರ್ ನಡುವಿನಲ್ಲಿ ಮಧ್ಯರಾತ್ರಿಯ ಹೊತ್ತಿಗೆ, ಜನವರಿ ನಡುವಿನಲ್ಲಿ ರಾತ್ರಿ ಹತ್ತರ ಸುಮಾರಿಗೆ, ಫೆಬ್ರುವರಿ ನಡುವಿನಲ್ಲಿ ಎಂಟರ ಹೊತ್ತಿಗೆ ಅತಿ ಎತ್ತರದಲ್ಲಿರುತ್ತದೆ. ದಿನಕ್ಕೆ ನಾಲ್ಕು ನಿಮಿಷದಂತೆ ಮುಂಚಿತವಾಗುತ್ತ ಹೋಗುತ್ತದೆ. ಅತಿ ಎತ್ತರ ತಲುಪುವುದಕ್ಕೆ ಎರಡು ಗಂಟೆ ಮೊದಲು ಶುರುಮಾಡಿ, ಎರಡು ಗಂಟೆ ನಂತರ ನಿಲ್ಲಿಸಿ. ಇವುಗಳಲ್ಲಿ ಜನವರಿಯ ಅಮಾವಾಸ್ಯೆಯೇ ನನಗೆ ಇಷ್ಟ. ರಾತ್ರಿ ಒಂದು ಗಂಟೆ ಹೊಡೆಯುವುದರೊಳಗೆ ಕೆಲಸ ಮುಗಿಸಿ ಮನೆಗೆ ಮರಳಬಹುದು.

ಜಾಗದ ವಿಷಯಕ್ಕೆ ಬಂದರೆ, ಊರಿನಿಂದ 50–60 ಕಿಲೋಮೀಟರ್ ಆಚೆ ಹೋದರೂ ದೊಡ್ಡ ವ್ಯತ್ಯಾಸ ಕಾಣುತ್ತದೆ. ನಗರದ ತಾರಸಿಯಿಂದಲೂ ಎಂ42 ತೆಗೆಯಬಹುದು, ಆದರೆ ಸುತ್ತಲಿನ ತೆಳು ಧೂಳಿನ ಪದರ ಸಿಗುವುದಿಲ್ಲ. ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಿಗೆ ಹೋಗುವವರು ಆನೆಗಳ ಓಡಾಟದ ಬಗ್ಗೆ ಆ ದಿನವೇ ಸ್ಥಳೀಯರನ್ನು ಕೇಳಿ, ಮನೆಯಂಗಳದಲ್ಲೇ ಕ್ಯಾಮೆರಾ ಹೂಡಿ. ತೋಟದ ರಸ್ತೆಯಲ್ಲಿ ಒಬ್ಬರೇ ನಿಲ್ಲಬೇಡಿ. ಇದನ್ನು ನಾನು ಪ್ರತಿ ಸಲವೂ ಹೇಳುತ್ತೇನೆ, ಹೇಳುತ್ತಲೇ ಇರುತ್ತೇನೆ.

## ಹಂತ 2: ಸಲಕರಣೆಗಳನ್ನು ಮನೆಯಲ್ಲೇ ಜೋಡಿಸಿ ನೋಡಿ

ಬೇಕಾದದ್ದು ಇಷ್ಟು: ರಾ ಫೈಲ್ (ಸೆನ್ಸರಿನ ಕಚ್ಚಾ ಮಾಹಿತಿ) ಕೊಡುವ ಕ್ಯಾಮೆರಾ, 135ರಿಂದ 250 ಮಿಲಿಮೀಟರಿನ ಲೆನ್ಸ್, ಗಟ್ಟಿ ಟ್ರೈಪಾಡ್, ಆಕಾಶದ ವೇಗದಲ್ಲಿ ತಿರುಗುವ ಸ್ಟಾರ್ ಟ್ರ್ಯಾಕರ್, ಸಾಲಾಗಿ ತಾನೇ ಚಿತ್ರ ತೆಗೆಸುವ ಇಂಟರ್ವಲೋಮೀಟರ್, ಎರಡು-ಮೂರು ಬ್ಯಾಟರಿ, ಲೆನ್ಸಿಗೆ ಸುತ್ತುವ ಯುಎಸ್‌ಬಿ ಹೀಟರ್ ಪಟ್ಟಿ, ಅದಕ್ಕೊಂದು ಪವರ್‌ಬ್ಯಾಂಕ್, ಕೆಂಪು ಬೆಳಕಿನ ಟಾರ್ಚ್. ಕೆಂಪು ಟಾರ್ಚ್ ಇಲ್ಲದಿದ್ದರೆ ಮಾಮೂಲಿ ಟಾರ್ಚಿನ ಬಾಯಿಗೆ ಕೆಂಪು ಜಿಲೆಟಿನ್ ಕಾಗದ ಕಟ್ಟಿ.

ಈ ಪಟ್ಟಿಯಲ್ಲಿ ಜನ ಕೈಬಿಡುವುದು ಹೀಟರ್ ಪಟ್ಟಿಯನ್ನು. ಒಮ್ಮೆ ಜನವರಿಯಲ್ಲಿ ಮಲೆನಾಡಿನ ಒಂದು ತೋಟದ ಮನೆಯ ಅಂಗಳದಲ್ಲಿ ಕ್ಯಾಮೆರಾ ಹೂಡಿ, ಮೊದಲ ಚಿತ್ರ ಚೆನ್ನಾಗಿದೆಯೆಂದು ಒಳಗೆ ಹೋಗಿ ಕಾಫಿ ಕುಡಿದು ಬಂದೆ. ಒಂದು ಗಂಟೆ ಕಳೆದಿತ್ತು. ಲೆನ್ಸಿನ ಮುಂಭಾಗಕ್ಕೆ ಕೆಂಪು ಟಾರ್ಚ್ ಹಿಡಿದರೆ ಗಾಜು ತಣ್ಣೀರು ತುಂಬಿದ ಸ್ಟೀಲ್ ಚೊಂಬಿನ ಮೈಯಂತಿತ್ತು, ಸಣ್ಣ ಸಣ್ಣ ಹನಿಗಳು ಒತ್ತೊತ್ತಾಗಿ ಕೂತಿದ್ದವು. ಚಿತ್ರಗಳನ್ನು ಒಂದೊಂದಾಗಿ ತಿರುವಿ ನೋಡಿದೆ. ಹತ್ತನೆಯದರಲ್ಲಿ ನಕ್ಷತ್ರಗಳು ತುಸು ದಪ್ಪಗಾಗಿದ್ದವು. ಇಪ್ಪತ್ತನೆಯದರಲ್ಲಿ ಪ್ರತಿ ನಕ್ಷತ್ರದ ಸುತ್ತ ಹಾಲಿನ ಬಣ್ಣದ ಪ್ರಭೆ. ಮೂವತ್ತರ ನಂತರ ನೀಹಾರಿಕೆಯೇ ಇರಲಿಲ್ಲ. ಅಂದಿನಿಂದ ಮೊದಲ ಚಿತ್ರಕ್ಕೆ ಮುಂಚೆಯೇ ಹೀಟರ್ ಹಚ್ಚುತ್ತೇನೆ. ಇಬ್ಬನಿ ಕೂತ ಮೇಲೆ ಬಟ್ಟೆಯಿಂದ ಒರೆಸಿದರೆ ಫೋಕಸ್ ಕದಲುತ್ತದೆ, ಗಾಜಿನ ಮೇಲೆ ಗೆರೆಗಳೂ ಉಳಿಯುತ್ತವೆ.

ಟ್ರ್ಯಾಕರ್ ಇಲ್ಲದೆ ಆಗುವುದಿಲ್ಲವೇ ಎಂದು ಕೇಳುವವರಿಗೆ ಒಂದು ಲೆಕ್ಕ. ಆಕಾಶ ಸೆಕೆಂಡಿಗೆ 15 ಆರ್ಕ್‌ಸೆಕೆಂಡಿನಷ್ಟು ಜಾರುತ್ತದೆ (ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ). ಒಂದು ಪಿಕ್ಸೆಲ್ ಎಷ್ಟು ಆಕಾಶ ಹಿಡಿಯುತ್ತದೆ ಎಂದು ತಿಳಿಯಲು ಪಿಕ್ಸೆಲ್ ಗಾತ್ರವನ್ನು (ಮೈಕ್ರಾನಿನಲ್ಲಿ) 206ರಿಂದ ಗುಣಿಸಿ, ಲೆನ್ಸಿನ ಮಿಲಿಮೀಟರಿನಿಂದ ಭಾಗಿಸಿ. 3.7 ಮೈಕ್ರಾನ್ ಪಿಕ್ಸೆಲ್, 200 ಮಿಲಿಮೀಟರ್ ಲೆನ್ಸ್ ಆದರೆ ಒಂದು ಪಿಕ್ಸೆಲ್ಲಿಗೆ ಸುಮಾರು 3.8 ಆರ್ಕ್‌ಸೆಕೆಂಡ್. ಅಂದರೆ ಒಂದೇ ಸೆಕೆಂಡಿನಲ್ಲಿ ನಕ್ಷತ್ರ ನಾಲ್ಕು ಪಿಕ್ಸೆಲ್ ಸರಿದಿರುತ್ತದೆ. 50 ಮಿಲಿಮೀಟರ್ ಲೆನ್ಸಿನಲ್ಲಾದರೆ ಒಂದು ಪಿಕ್ಸೆಲ್. ಟ್ರ್ಯಾಕರ್ ಇಲ್ಲದವರು 50ರಿಂದ 85 ಮಿಲಿಮೀಟರ್ ಲೆನ್ಸ್ ಹಾಕಿ, ಎರಡು ಸೆಕೆಂಡಿನ ನೂರಾರು ಚಿತ್ರ ತೆಗೆಯುವುದೇ ಸರಿ. ನೀಹಾರಿಕೆ ಸಣ್ಣದಾಗಿ ಬರುತ್ತದೆ, ಆದರೆ ಬರುತ್ತದೆ.

## ಹಂತ 3: ಧ್ರುವಕ್ಕೆ ಜೋಡಿಸಿ

ಇದೇ ಎಲ್ಲರೂ ಎಡವುವ ಹಂತ. ಎಡವಲು ನಮ್ಮ ಭೂಗೋಳವೂ ಕಾರಣ. ಧ್ರುವ ನಕ್ಷತ್ರ ದಿಗಂತದಿಂದ ನಿಮ್ಮ ಅಕ್ಷಾಂಶದಷ್ಟೇ ಮೇಲಿರುತ್ತದೆ: ಬೆಂಗಳೂರು, ಹಾಸನದಲ್ಲಿ 13 ಡಿಗ್ರಿ, ಹುಬ್ಬಳ್ಳಿಯಲ್ಲಿ 15ರ ಮೇಲೆ, ಬೀದರಿನಲ್ಲಿ 18ರ ಹತ್ತಿರ. ಒಂದು ತೆಂಗಿನ ಮರ, ಪಕ್ಕದ ಮನೆಯ ನೀರಿನ ಟ್ಯಾಂಕ್, ಒಂದು ಗುಡ್ಡ ಸಾಕು, ಮರೆಯಾಗಿಬಿಡುತ್ತದೆ. ಕಂಡರೂ ದಿಗಂತದ ದಟ್ಟ ಗಾಳಿಯಲ್ಲಿ ಮಂಕಾಗಿರುತ್ತದೆ. ಆದ್ದರಿಂದ ಜಾಗ ಹುಡುಕುವಾಗ ಮೊದಲು ನೋಡಬೇಕಾದದ್ದು ಉತ್ತರ ದಿಕ್ಕನ್ನು. ಎಂ42 ನೆತ್ತಿಯ ಹತ್ತಿರ ಇರುವುದರಿಂದ ಅದಕ್ಕೆ ಜಾಗ ಎಲ್ಲಿಯೂ ಸಿಗುತ್ತದೆ.

ಮಾಡುವ ಕ್ರಮ ಹೀಗೆ:

1. ಟ್ರೈಪಾಡಿನ ಒಂದು ಕಾಲನ್ನು ಉತ್ತರಕ್ಕೆ ಚಾಚಿ. ನಮ್ಮಲ್ಲಿ ಟ್ರ್ಯಾಕರಿನ ಅಕ್ಷ ಬಹುತೇಕ ಮಲಗಿದಂತಿರುತ್ತದೆ, ಕ್ಯಾಮೆರಾದ ಭಾರ ಉತ್ತರಕ್ಕೆ ವಾಲುತ್ತದೆ. ಆ ಕಡೆ ಕಾಲಿಲ್ಲದಿದ್ದರೆ ಇಡೀ ಸ್ಟ್ಯಾಂಡ್ ಮಗುಚುವ ಅಪಾಯವಿದೆ. ಕಾಲುಗಳನ್ನು ಪೂರ್ತಿ ಎಳೆಯಬೇಡಿ. ಗಿಡ್ಡ ಇದ್ದಷ್ಟೂ ಅಲುಗಾಟ ಕಡಿಮೆ.

2. ಬಬಲ್ ನೋಡಿ ಮಟ್ಟ ಮಾಡಿ. ಟ್ರ್ಯಾಕರಿನ ಓರೆಯನ್ನು ನಿಮ್ಮ ಅಕ್ಷಾಂಶಕ್ಕೆ ಇಡಿ.

3. ಕ್ಯಾಮೆರಾ, ಲೆನ್ಸ್, ಹೀಟರ್ ಎಲ್ಲವನ್ನೂ ಈಗಲೇ ಏರಿಸಿ, ತೂಕ ಸರಿದೂಗಿಸಿ. ಖಾಲಿ ಟ್ರ್ಯಾಕರನ್ನು ಧ್ರುವಕ್ಕೆ ಜೋಡಿಸಿ ಆಮೇಲೆ ಎರಡು ಕಿಲೋ ಭಾರ ಹೇರಿದರೆ ಜೋಡಣೆ ಕೆಟ್ಟಂತೆಯೇ. ಕ್ಯಾಮೆರಾವನ್ನು ಎತ್ತ ಬೇಕಾದರೂ ತಿರುಗಿಸುವ ಬಾಲ್‌ಹೆಡ್ ಹಾಕಿದಾಗ ಧ್ರುವ ನೋಡುವ ಸಣ್ಣ ದುರ್ಬೀನು ಮುಚ್ಚಿಹೋಗುವ ಟ್ರ್ಯಾಕರ್‌ಗಳಿವೆ. ಅಂಥವಕ್ಕೆ ಪಕ್ಕದಲ್ಲಿ ಕೂರುವ ಬ್ರಾಕೆಟ್ ತೆಗೆದುಕೊಳ್ಳುವುದು ಒಳ್ಳೆಯದು.

4. ದುರ್ಬೀನಿನಲ್ಲಿ ಧ್ರುವ ನಕ್ಷತ್ರವನ್ನು ಹಿಡಿಯಿರಿ. ಅದನ್ನು ಗುರುತಿನ ನಟ್ಟನಡುವೆ ಇಟ್ಟು ‘ಆಯ್ತು’ ಎನ್ನಬೇಡಿ. ಧ್ರುವ ನಕ್ಷತ್ರ ನಿಜವಾದ ಧ್ರುವ ಬಿಂದುವಿನಿಂದ ಅರ್ಧ ಡಿಗ್ರಿಗೂ ಹೆಚ್ಚು ದೂರದಲ್ಲಿದೆ. ಆ ಹೊತ್ತಿಗೆ ವೃತ್ತದ ಮೇಲೆ ಎಲ್ಲಿರಬೇಕು ಎಂಬುದನ್ನು ಮೊಬೈಲಿನ ಪೋಲಾರ್ ಅಲೈನ್‌ಮೆಂಟ್ ಆ್ಯಪ್ ಗಡಿಯಾರದ ಮುಳ್ಳಿನಂತೆ ತೋರಿಸುತ್ತದೆ. ಅಲ್ಲಿಗೇ ಕೂರಿಸಿ.

5. ಕ್ಯಾಮೆರಾವನ್ನು ಎಂ42 ಕಡೆಗೆ ತಿರುಗಿಸಿದ ಮೇಲೆ ಮತ್ತೊಮ್ಮೆ ದುರ್ಬೀನಿನಲ್ಲಿ ನೋಡಿ. ಸರಿದಿರುತ್ತದೆ. ತಿದ್ದಿ.

ತಪ್ಪು ಎಷ್ಟಿದ್ದರೆ ಎಷ್ಟು ನಷ್ಟ? ಧ್ರುವ ಜೋಡಣೆ ಒಂದು ಡಿಗ್ರಿ ತಪ್ಪಿದರೆ ನಕ್ಷತ್ರ ನಿಮಿಷಕ್ಕೆ ಹೆಚ್ಚೆಂದರೆ 16 ಆರ್ಕ್‌ಸೆಕೆಂಡಿನಷ್ಟು ಜಾರುತ್ತದೆ. 200 ಮಿಲಿಮೀಟರ್ ಲೆನ್ಸಿನಲ್ಲಿ ಅದು ನಾಲ್ಕು ಪಿಕ್ಸೆಲ್: ಅಕ್ಕಿಕಾಳು. ಕಾಲು ಡಿಗ್ರಿಯೊಳಗೆ ತಂದರೆ ಒಂದೇ ಪಿಕ್ಸೆಲ್, ಕಣ್ಣಿಗೆ ಕಾಣುವುದಿಲ್ಲ.

ಧ್ರುವ ನಕ್ಷತ್ರ ಕಾಣದೇ ಹೋದರೆ? ಮೊಬೈಲಿನ ದಿಕ್ಸೂಚಿಯಿಂದ ಉತ್ತರ ಹಿಡಿಯಿರಿ. ಟ್ರೈಪಾಡಿನ ಲೋಹದಿಂದ ಮೊಬೈಲನ್ನು ದೂರವಿಡಿ. ಓರೆಯನ್ನು ಅಳತೆಯ ಆ್ಯಪಿನಿಂದ ಇಡಿ. ಆಮೇಲೆ ಮಹಾವ್ಯಾಧನ ಸೊಂಟಪಟ್ಟಿಯ ಮೂರು ನಕ್ಷತ್ರಗಳಲ್ಲಿ ಪಶ್ಚಿಮದ ತುದಿಯ ಮಿಂಟಾಕವನ್ನು ಚೌಕಟ್ಟಿನ ನಡುವೆ ಇಟ್ಟು, ಟ್ರ್ಯಾಕರ್ ಓಡುತ್ತಿರುವಾಗಲೇ ಎರಡು ನಿಮಿಷದ ಒಂದು ಚಿತ್ರ ತೆಗೆಯಿರಿ. ಮಿಂಟಾಕ ಖಗೋಳದ ವಿಷುವದ್ವೃತ್ತಕ್ಕೆ (ಭೂಮಧ್ಯರೇಖೆಯ ನೇರಕ್ಕೆ ಆಕಾಶದಲ್ಲಿ ಎಳೆದ ವೃತ್ತ) ಅಂಟಿಕೊಂಡಂತೆಯೇ ಇರುವ ನಕ್ಷತ್ರ. ಅದು ನೆತ್ತಿಯ ಹತ್ತಿರ ಇರುವಾಗ ಉತ್ತರ-ದಕ್ಷಿಣವಾಗಿ ಜಾರಿದರೆ ಟ್ರ್ಯಾಕರಿನ ಮುಖ ಪೂರ್ವಕ್ಕೋ ಪಶ್ಚಿಮಕ್ಕೋ ವಾಲಿದೆ ಎಂದರ್ಥ. ಒಂದು ಕಡೆಗೆ ಕೂದಲೆಳೆಯಷ್ಟು ತಿರುಗಿಸಿ ಮತ್ತೆ ತೆಗೆಯಿರಿ. ಗೆರೆ ಗಿಡ್ಡವಾದರೆ ಅದೇ ದಿಕ್ಕು, ಉದ್ದವಾದರೆ ವಿರುದ್ಧ ದಿಕ್ಕು. ನಾಲ್ಕೈದು ಸಲಕ್ಕೆ ಸರಿಯಾಗುತ್ತದೆ. ಇಷ್ಟು ವ್ಯವಧಾನ ಇಲ್ಲದಿದ್ದರೆ ಪ್ರತಿ ಚಿತ್ರವನ್ನು 15–20 ಸೆಕೆಂಡಿಗೆ ಇಳಿಸಿ, ಸಂಖ್ಯೆ ಹೆಚ್ಚಿಸಿ.

ಮುಂದಿನ ಹಂತಕ್ಕೆ ಹೋಗುವ ಮುಂಚೆ ಟ್ರ್ಯಾಕರಿನ ಮೇಲಿನ ಸ್ವಿಚ್ ನೋಡಿ. ಗೋಳಾರ್ಧ ಉತ್ತರಕ್ಕಿರಬೇಕು, ವೇಗ ನಕ್ಷತ್ರದ ಗುರುತಿನಲ್ಲಿರಬೇಕು. ದಕ್ಷಿಣಕ್ಕೆ ಇಟ್ಟಿದ್ದರೆ ಟ್ರ್ಯಾಕರ್ ಹಿಂದಕ್ಕೆ ತಿರುಗಿ ಗೆರೆಗಳು ಎರಡು ಪಟ್ಟು ಉದ್ದವಾಗುತ್ತವೆ. ಜೋಡಣೆ ಪೂರ್ತಿ ಸರಿಯಿದ್ದೂ ಚಿತ್ರ ಕೆಟ್ಟವರಲ್ಲಿ ಹಲವರು ಈ ಸ್ವಿಚ್ ನೋಡಿರುವುದಿಲ್ಲ.

## ಹಂತ 4: ಫೋಕಸ್

ಲೆನ್ಸಿನ ಮೇಲಿನ ಅನಂತದ ಗುರುತನ್ನು ನಂಬಬೇಡಿ. ಆಟೊಫೋಕಸ್ ಮತ್ತು ಲೆನ್ಸಿನ ಅಲುಗಾಟ ತಡೆಯುವ ಸ್ವಿಚ್ ಎರಡನ್ನೂ ಆಫ್ ಮಾಡಿ. ಲುಬ್ಧಕ ಅಥವಾ ರೈಜೆಲ್‌ನಂಥ ಪ್ರಖರ ನಕ್ಷತ್ರವನ್ನು ಲೈವ್ ವ್ಯೂನಲ್ಲಿ ಹತ್ತು ಪಟ್ಟು ಹಿಗ್ಗಿಸಿ, ಅದು ಅತಿ ಸಣ್ಣ ಚುಕ್ಕೆಯಾಗುವವರೆಗೆ ರಿಂಗ್ ತಿರುಗಿಸಿ. ಇನ್ನೂ ನಿಖರವಾಗಬೇಕಾದರೆ ಬಾಹ್ಟಿನೋವ್ ಮಾಸ್ಕ್ ಎಂಬ ಸೀಳು ಸೀಳಾದ ಮುಚ್ಚಳವನ್ನು ಲೆನ್ಸಿನ ಮುಂದೆ ಹಿಡಿಯಿರಿ. ನಕ್ಷತ್ರದಿಂದ ಮೂರು ಗೆರೆಗಳು ಹೊಮ್ಮುತ್ತವೆ. ಮಧ್ಯದ ಗೆರೆ ಉಳಿದೆರಡರ ಕತ್ತರಿಯ ನಡುವೆ ನಿಖರವಾಗಿ ಹಾದರೆ ಫೋಕಸ್ ಕೂತಿದೆ. ಮಾಸ್ಕ್ ತೆಗೆಯಲು ಮರೆಯಬೇಡಿ.

ರಿಂಗಿಗೆ ಟೇಪ್ ಅಂಟಿಸಿ. ಆದರೂ ರಾತ್ರಿ ತಣ್ಣಗಾದಂತೆ ಗಾಜು, ಲೋಹ ಕುಗ್ಗಿ ಫೋಕಸ್ ಸರಿಯುತ್ತದೆ. ಗಂಟೆಗೊಮ್ಮೆ ಪರೀಕ್ಷಿಸಿ.

## ಹಂತ 5: ಸೆಟಿಂಗ್ ಮತ್ತು ಮೊದಲ ಚಿತ್ರದ ಪರೀಕ್ಷೆ

ಮ್ಯಾನುಯಲ್ ಮೋಡ್, ರಾ ಫೈಲ್, ವೈಟ್ ಬ್ಯಾಲೆನ್ಸ್ ಹಗಲು ಬೆಳಕಿಗೆ, ಐಎಸ್‌ಒ 800 ಅಥವಾ 1600, ಅಪರ್ಚರ್ ಎಫ್ 4. ಲೆನ್ಸ್ ಎಫ್ 2.8ರದ್ದಾದರೂ ಒಂದು ಸ್ಟಾಪ್ ಮುಚ್ಚಿ, ಮೂಲೆಯ ನಕ್ಷತ್ರಗಳು ಹಕ್ಕಿಯ ರೆಕ್ಕೆಯಂತಾಗುವುದು ಕಡಿಮೆಯಾಗುತ್ತದೆ. ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಆಫ್ ಇರಲಿ. ಆನ್ ಇದ್ದರೆ ಪ್ರತಿ ಚಿತ್ರದ ನಂತರ ಅಷ್ಟೇ ಹೊತ್ತು ಕ್ಯಾಮೆರಾ ಸುಮ್ಮನೆ ಕೂರುತ್ತದೆ, ಅರ್ಧ ರಾತ್ರಿ ವ್ಯರ್ಥ.

60 ಸೆಕೆಂಡಿನ ಒಂದು ಚಿತ್ರ ತೆಗೆದು ಹಿಸ್ಟೋಗ್ರಾಮ್ (ಕತ್ತಲಿಂದ ಬೆಳಕಿನವರೆಗೆ ಪಿಕ್ಸೆಲ್‌ಗಳ ಹಂಚಿಕೆ ತೋರಿಸುವ, ಗುಡ್ಡದಂಥ ನಕ್ಷೆ) ನೋಡಿ. ಗುಡ್ಡದ ತುದಿ ಎಡದಿಂದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಎಲ್ಲಾದರೂ ಇರಲಿ. ಎಡಗೋಡೆಗೆ ಅಂಟಿದ್ದರೆ ಸಮಯ ಹೆಚ್ಚಿಸಿ. ನಡುವನ್ನು ದಾಟಿದ್ದರೆ ಆಕಾಶದ ಬೆಳಕು ಜಾಸ್ತಿಯಾಗಿದೆ, ಸಮಯ ಇಳಿಸಿ. ನಗರದಲ್ಲಿ 15–20 ಸೆಕೆಂಡೇ ಸಾಕಾಗಬಹುದು.

ಈಗ ಆ ಚಿತ್ರವನ್ನು ಪೂರ್ತಿ ಹಿಗ್ಗಿಸಿ, ನಡುವೆ ಒಮ್ಮೆ, ನಾಲ್ಕು ಮೂಲೆಗಳಲ್ಲಿ ಒಮ್ಮೊಮ್ಮೆ ನೋಡಿ. ಈ ಎರಡು ನಿಮಿಷಗಳನ್ನು ಉಳಿಸಲು ಹೋಗಿ ರಾತ್ರಿಯನ್ನೇ ಕಳೆದುಕೊಂಡವರು ಬಹಳ. ಏನು ಕಂಡರೆ ಏನು ಅರ್ಥ:

ಎಲ್ಲ ನಕ್ಷತ್ರಗಳೂ ಒಂದೇ ದಿಕ್ಕಿಗೆ, ಎಲ್ಲ ಚಿತ್ರಗಳಲ್ಲೂ ಉದ್ದವಾಗಿದ್ದರೆ ಧ್ರುವ ಜೋಡಣೆ ತಪ್ಪಿದೆ. ಒಂದು ಚಿತ್ರ ಚೆನ್ನ, ಮುಂದಿನೆರಡು ಪೂರ್ವ-ಪಶ್ಚಿಮವಾಗಿ ಉದ್ದ, ಮತ್ತೆ ಚೆನ್ನ ಎಂದಾದರೆ ಅದು ಟ್ರ್ಯಾಕರಿನ ಗೇರಿನ ಏರಿಳಿತ; ಅದಕ್ಕೆ ಮದ್ದು ಸಮಯ ಇಳಿಸುವುದು, ಕೆಟ್ಟ ಚಿತ್ರಗಳನ್ನು ಕಿತ್ತೆಸೆಯುವುದು. ನಕ್ಷತ್ರಗಳು ಎರಡೆರಡಾಗಿ ಕಂಡರೆ ಯಾರೋ ಟ್ರೈಪಾಡ್ ತಾಗಿಸಿದ್ದಾರೆ ಅಥವಾ ಗಾಳಿ ಬೀಸಿದೆ. ವಡೆಯಂತೆ ನಡುವೆ ತೂತು ಕಂಡರೆ ಫೋಕಸ್ ಹೋಗಿದೆ. ನಡುವೆ ದುಂಡಗಿದ್ದು ಮೂಲೆಯಲ್ಲಿ ಮಾತ್ರ ಹಿಗ್ಗಿದ್ದರೆ ಅದು ಲೆನ್ಸಿನ ಗುಣ, ಇನ್ನರ್ಧ ಸ್ಟಾಪ್ ಮುಚ್ಚಿ. ಎಲ್ಲವೂ ನಿಧಾನವಾಗಿ ಮಸುಕಾಗುತ್ತ ಬಂದರೆ ಇಬ್ಬನಿ.

## ಹಂತ 6: ಒಂದಲ್ಲ, ಮೂರು ಸರಣಿ

ನಡುಭಾಗ ಸುಣ್ಣದ ಉಂಡೆಯಾಗುವುದಕ್ಕೆ ಕಾರಣ ಇಲ್ಲಿದೆ. ಎಂ42ರ ಒಡಲಲ್ಲಿ ಟ್ರಪೀಜಿಯಂ ಎಂಬ ನಾಲ್ಕು ಎಳೆಯ ನಕ್ಷತ್ರಗಳ ಗುಂಪಿದೆ. ಅದರ ಸುತ್ತಲಿನ ಅನಿಲ ಕೆಲವೇ ಸೆಕೆಂಡುಗಳಲ್ಲಿ ಸೆನ್ಸರನ್ನು ತುಂಬಿಬಿಡುತ್ತದೆ. ಹೊರಗಿನ ರೆಕ್ಕೆಗಳಿಗೋ ನಿಮಿಷಗಟ್ಟಲೆ ಬೇಕು. ಒಂದೇ ಎಕ್ಸ್‌ಪೋಶರಿನಲ್ಲಿ ಎರಡನ್ನೂ ಹಿಡಿಯಲಾಗದು.

ಆದ್ದರಿಂದ ಮೂರು ಸರಣಿ ತೆಗೆಯಿರಿ: 60 ಸೆಕೆಂಡಿನವು 90, 10 ಸೆಕೆಂಡಿನವು 25, 2 ಸೆಕೆಂಡಿನವು 25. ಸಣ್ಣವನ್ನು ಮೊದಲು ತೆಗೆಯಿರಿ. ಅವಕ್ಕೆ ಹಿಡಿಯುವುದು ಏಳೆಂಟು ನಿಮಿಷ. ಕೊನೆಗೆ ಇಟ್ಟುಕೊಂಡರೆ ಮೋಡವೋ ನಿದ್ದೆಯೋ ಬಂದು ಅವು ಉಳಿದೇಹೋಗುತ್ತವೆ. 200 ಮಿಲಿಮೀಟರಿನಲ್ಲಿ ನಾಲ್ಕು ನಕ್ಷತ್ರಗಳು ಬಿಡಿಬಿಡಿಯಾಗಿ ಕಾಣಬೇಕೆಂದು ಬಯಸಬೇಡಿ. ಸುತ್ತಲಿನ ಅನಿಲದ ಮಡಿಕೆಗಳು ಉಳಿದರೆ ಸಾಕು.

ಉದ್ದದ ಸರಣಿಯಲ್ಲಿ ಪ್ರತಿ ಹತ್ತು ಚಿತ್ರಕ್ಕೊಮ್ಮೆ ನಿಲ್ಲಿಸಿ, ಚೌಕಟ್ಟನ್ನು ಯಾವುದಾದರೂ ದಿಕ್ಕಿಗೆ ಹತ್ತು-ಹದಿನೈದು ಪಿಕ್ಸೆಲ್ಲಿನಷ್ಟು ಸರಿಸಿ, ಪ್ರತಿ ಸಲ ಬೇರೆ ದಿಕ್ಕಿಗೆ. ಇದಕ್ಕೆ ಡಿದರಿಂಗ್ ಎನ್ನುತ್ತಾರೆ. ಮಾಡದಿದ್ದರೆ ಸೆನ್ಸರಿನ ಕಲೆಗಳು ಸ್ಟ್ಯಾಕಿನಲ್ಲಿ (ಎಲ್ಲ ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿದ ಚಿತ್ರದಲ್ಲಿ) ಓರೆ ಮಳೆಯ ಗೆರೆಗಳಾಗಿ ಮೂಡುತ್ತವೆ, ಆಮೇಲೆ ಯಾವ ತಂತ್ರಾಂಶವೂ ಅವನ್ನು ಶುದ್ಧವಾಗಿ ತೆಗೆಯಲಾರದು.

ಎಷ್ಟು ಚಿತ್ರ ಸಾಕು? ನಾಲ್ಕು ಪಟ್ಟು ಚಿತ್ರ ತೆಗೆದರೆ ನುಣುಪು ಎರಡು ಪಟ್ಟು ಹೆಚ್ಚುತ್ತದೆ. ಹತ್ತರಿಂದ ನಲವತ್ತಕ್ಕೆ ಹೋದಾಗ ಕಾಣುವ ಖುಷಿ ನಲವತ್ತರಿಂದ ಐವತ್ತಕ್ಕೆ ಹೋದಾಗ ಕಾಣುವುದಿಲ್ಲ. ಒಂದೂವರೆ ಗಂಟೆ ಒಳ್ಳೆಯ ನಿಲ್ದಾಣ.

## ಹಂತ 7: ಡಾರ್ಕ್, ಫ್ಲ್ಯಾಟ್, ಬಯಾಸ್

ಇವು ಆಕಾಶದ ಚಿತ್ರಗಳಲ್ಲ; ಕ್ಯಾಮೆರಾ, ಲೆನ್ಸಿನ ದೋಷಗಳನ್ನು ಆಮೇಲೆ ಸರಿಪಡಿಸಲು ತೆಗೆಯುವ ಚಿತ್ರಗಳು. ಹೊಸಬರು ಇದನ್ನು ಬಿಟ್ಟುಬಿಡುತ್ತಾರೆ. ಬಿಟ್ಟರೆ ಮೂಲೆಗಳ ಕಪ್ಪು ಮತ್ತು ಧೂಳಿನ ಕಲೆಗಳು ಚಿತ್ರದ ಬೆಳಕನ್ನು ಹಿಗ್ಗಿಸಿದಾಗ ನೀಹಾರಿಕೆಗಿಂತ ಎದ್ದು ಕಾಣುತ್ತವೆ.

ಡಾರ್ಕ್: ಲೆನ್ಸ್ ಮುಚ್ಚಿ, ಅದೇ ಐಎಸ್‌ಒ, ಅದೇ 60 ಸೆಕೆಂಡ್, 20 ಚಿತ್ರ. ಅದೇ ಚಳಿಯಲ್ಲಿ, ಅಂಗಳದಲ್ಲೇ. ಮರುದಿನ ಮಧ್ಯಾಹ್ನ ಕೋಣೆಯಲ್ಲಿ ತೆಗೆದ ಡಾರ್ಕ್‌ನಿಂದ ಲಾಭಕ್ಕಿಂತ ಹಾನಿ ಹೆಚ್ಚು. ವ್ಯೂಫೈಂಡರನ್ನೂ ಮುಚ್ಚಿ.

ಫ್ಲ್ಯಾಟ್: ಇದಕ್ಕೆ ಬಿಳಿ ಪಂಚೆಗಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಎರಡು ಮಡಿಕೆ ಮಾಡಿ, ಸುಕ್ಕಿಲ್ಲದಂತೆ ಲೆನ್ಸಿನ ಮೇಲೆ ಎಳೆದು ರಬ್ಬರ್ ಬ್ಯಾಂಡ್ ಹಾಕಿ, ಸೂರ್ಯ ಹುಟ್ಟುವ ಮುಂಚಿನ ಬಿಳಿ ಆಕಾಶದತ್ತ ತಿರುಗಿಸಿ. ಐಎಸ್‌ಒ ಅದೇ, ಅಪರ್ಚರ್ ಅದೇ, ಫೋಕಸ್ ಕದಲಿರಕೂಡದು. ಹಿಸ್ಟೋಗ್ರಾಮ್ ನಡುವಿಗೆ ಬರುವಂತೆ ಶಟರ್ ಮಾತ್ರ ಬದಲಿಸಿ. 25 ಚಿತ್ರ. ಬೆಳಗಿನವರೆಗೆ ಇರಲಾಗದವರು ಲ್ಯಾಪ್‌ಟಾಪಿನ ಬಿಳಿ ಪರದೆಯ ಮುಂದೆ ಅದೇ ಪಂಚೆ ಹಿಡಿದು ತೆಗೆಯಬಹುದು. ಪರದೆ, ಟ್ಯೂಬ್‌ಲೈಟುಗಳು ಮಿಣುಕುವುದರಿಂದ ಶಟರ್ ವೇಗ ಹೆಚ್ಚಿದ್ದರೆ ಪಟ್ಟೆಗಳು ಬೀಳುತ್ತವೆ. ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ನಿಧಾನವಾಗಿರಲಿ.

ಬಯಾಸ್: ಲೆನ್ಸ್ ಮುಚ್ಚಿ, ಅದೇ ಐಎಸ್‌ಒ, ಕ್ಯಾಮೆರಾದ ಅತಿ ವೇಗದ ಶಟರ್, 30 ಚಿತ್ರ. ಒಂದು ನಿಮಿಷದ ಕೆಲಸ.

## ಹಂತ 8: ಸಿರಿಲ್‌ನಲ್ಲಿ ಸ್ಟ್ಯಾಕ್ ಮಾಡಿ

ಸಿರಿಲ್ ಉಚಿತ ತಂತ್ರಾಂಶ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಮೊದಲು ಡಿಸ್ಕ್ ನೋಡಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದೊಂದು ಚಿತ್ರವೂ ಕೆಲಸದ ನಡುವೆ 288 ಎಂಬಿಯಾಗಿ ಉಬ್ಬುತ್ತದೆ, ಅದೂ ಎರಡು ಪ್ರತಿ. 90 ಚಿತ್ರಕ್ಕೆ ಅದೇ 50 ಜಿಬಿ ದಾಟುತ್ತದೆ. ‘ಸ್ಕ್ರಿಪ್ಟ್ ಅರ್ಧಕ್ಕೆ ನಿಲ್ಲುತ್ತದೆ’ ಎಂದು ಬರೆದವರಲ್ಲಿ ಅನೇಕರ ಡಿಸ್ಕ್ ತುಂಬಿತ್ತು. 100 ಜಿಬಿ ಖಾಲಿ ಇಟ್ಟುಕೊಂಡು ಕೂರಿ.

ಸ್ಟ್ಯಾಕ್ ಮಾಡುವ ಮುಂಚೆ ಚಿತ್ರಗಳನ್ನು ಒಂದೊಂದಾಗಿ ನೋಡಿ ಕೆಟ್ಟವನ್ನು ತೆಗೆಯಿರಿ. ವಿಮಾನದ ಗೆರೆ, ಉಪಗ್ರಹದ ಗೆರೆ ಇದ್ದರೆ ಇರಲಿ, ಅವು ಸ್ಟ್ಯಾಕಿನಲ್ಲಿ ತಾವೇ ಮಾಯವಾಗುತ್ತವೆ. ಉದ್ದವಾದ, ಮಸುಕಾದ ನಕ್ಷತ್ರಗಳಿರುವ ಚಿತ್ರಗಳಿಗೆ ಮಾತ್ರ ಕನಿಕರ ಬೇಡ.

ಒಂದು ಫೋಲ್ಡರಿನೊಳಗೆ ನಾಲ್ಕು ಫೋಲ್ಡರ್ ಮಾಡಿ: ಲೈಟ್ಸ್ (lights, ಆಕಾಶದ ಚಿತ್ರಗಳಿಗೆ), ಡಾರ್ಕ್ಸ್ (darks), ಫ್ಲ್ಯಾಟ್ಸ್ (flats), ಬಯಾಸಸ್ (biases). ಹೆಸರುಗಳು ಇಂಗ್ಲಿಷಿನ ಸಣ್ಣಕ್ಷರದಲ್ಲಿ, ಬಹುವಚನದಲ್ಲಿ, ಸ್ಕ್ರಿಪ್ಟ್ ಕೇಳುವ ಹಾಗೆಯೇ ಇರಬೇಕು. ಒಂದಕ್ಷರ ತಪ್ಪಿದರೂ ಸ್ಕ್ರಿಪ್ಟಿಗೆ ಫೋಲ್ಡರ್ ಸಿಗುವುದಿಲ್ಲ. ಮನೆಯ ಗುರುತಿನ ಬಟನ್ ಒತ್ತಿ ಹೊರಗಿನ ಫೋಲ್ಡರನ್ನು ಆರಿಸಿ, ಒಳಗಿನದನ್ನಲ್ಲ. ನಂತರ ಬಣ್ಣದ ಕ್ಯಾಮೆರಾಗಳಿಗಾಗಿ ಇರುವ ಒಎಸ್‌ಸಿ ಪ್ರೀಪ್ರೊಸೆಸಿಂಗ್ ಸ್ಕ್ರಿಪ್ಟ್ ಓಡಿಸಿ. ಸಣ್ಣ ಸರಣಿಗಳಿಗೆ ಬೇರೆ ಬೇರೆ ಫೋಲ್ಡರ್ ಮಾಡಿ, ಅದೇ ಫ್ಲ್ಯಾಟ್ ಮತ್ತು ಬಯಾಸ್ ನಕಲಿಸಿ, ಡಾರ್ಕ್ ಇಲ್ಲದ ಸ್ಕ್ರಿಪ್ಟ್ ಓಡಿಸಿದರೆ ಸಾಕು. ಮೂರು ಫಲಿತಾಂಶಗಳು ಬಂದ ಮೇಲೆ ಆ ಮೂರನ್ನೇ ಒಂದು ಸೀಕ್ವೆನ್ಸ್ ಮಾಡಿ ಪರಸ್ಪರ ಹೊಂದಿಸಿ, ಇಲ್ಲದಿದ್ದರೆ ಹಂತ 11ರಲ್ಲಿ ಒಂದರ ಮೇಲೊಂದು ಕೂರುವುದಿಲ್ಲ.

## ಹಂತ 9: ಬೆಳಕನ್ನು ಹಿಗ್ಗಿಸುವ ಮುಂಚಿನ ಕೆಲಸ

ಫಲಿತಾಂಶ ತೆರೆದಾಗ ಪರದೆ ಕಪ್ಪಾಗಿ ಕಂಡರೆ ಗಾಬರಿ ಬೇಡ. ಕೆಳಗಿನ ಪಟ್ಟಿಯಲ್ಲಿ ಲೀನಿಯರ್ ಬದಲು ಆಟೊಸ್ಟ್ರೆಚ್ ಆರಿಸಿ. ನೀಹಾರಿಕೆ ಮೂಡುತ್ತದೆ. ಇದು ಬರಿಯ ನೋಟ, ಚಿತ್ರ ಬದಲಾಗಿಲ್ಲ. ಈ ಹೊತ್ತಿಗೆ ಖುಷಿಯಾಗಿ ಸೇವ್ ಮಾಡಿ, ಮೊಬೈಲಿನಲ್ಲಿ ತೆರೆದು, ‘ಕಪ್ಪು ಫೈಲ್ ಬಂತು’ ಎಂದು ಬೇಸರಪಡುವವರು ತುಂಬ ಜನ.

ಇಲ್ಲಿಂದ ಕ್ರಮ ಮುಖ್ಯ:

1. ಅಂಚುಗಳನ್ನು ಕತ್ತರಿಸಿ. ಡಿದರಿಂಗಿನಿಂದ ಅಂಚಿನಲ್ಲಿ ಎಲ್ಲ ಚಿತ್ರಗಳೂ ಕೂಡಿರುವುದಿಲ್ಲ. ಆ ಪಟ್ಟಿ ಉಳಿದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ. ಮೂರೂ ಫಲಿತಾಂಶಗಳನ್ನು ಒಂದೇ ಅಳತೆಗೆ, ಒಂದೇ ಜಾಗದಲ್ಲಿ ಕತ್ತರಿಸಿ.

2. ಹಿನ್ನೆಲೆಯ ಬೆಳಕಿನ ಏರಿಳಿತ ತೆಗೆಯಿರಿ. ಬ್ಯಾಕ್‌ಗ್ರೌಂಡ್ ಎಕ್ಸ್‌ಟ್ರಾಕ್ಷನ್‌ನಲ್ಲಿ ತಂತ್ರಾಂಶ ತಾನಾಗಿ ಹರಡುವ ಚೌಕಗಳನ್ನು ಹಾಗೇ ಒಪ್ಪಬೇಡಿ. ನೀಹಾರಿಕೆಯ ಮೇಲೆ, ಅದರ ಪಕ್ಕದ ಇನ್ನೊಂದು ನೀಹಾರಿಕೆ ಎನ್‌ಜಿಸಿ 1977ರ ಮೇಲೆ, ತೆಳು ಧೂಳಿನ ಮೇಲೆ ಬಿದ್ದ ಚೌಕಗಳನ್ನು ಅಳಿಸಿ. ಅಲ್ಲಿ ಚೌಕವಿದ್ದರೆ ತಂತ್ರಾಂಶ ಆ ಬೆಳಕನ್ನೂ ಮಾಲಿನ್ಯವೆಂದು ತಿಳಿದು ಕಳೆಯುತ್ತದೆ. ನೀಹಾರಿಕೆಯ ಸುತ್ತ ಕಪ್ಪು ಕಂದಕ ಕಂಡರೆ ಅದೇ ಗುರುತು. ಹಿಂದೆ ಹೋಗಿ ಮತ್ತೆ ಮಾಡಿ.

3. ಬಣ್ಣ ಹೊಂದಿಸಿ. ಫೋಟೊಮೆಟ್ರಿಕ್ ಕಲರ್ ಕ್ಯಾಲಿಬ್ರೇಶನ್ ನಕ್ಷತ್ರಗಳ ಅಳೆದ ಬಣ್ಣಗಳ ಪಟ್ಟಿಯೊಂದಿಗೆ ನಿಮ್ಮ ಚಿತ್ರವನ್ನು ಹೋಲಿಸುತ್ತದೆ. ಎಂ42 ಎಂದು ಹೆಸರು, ಲೆನ್ಸಿನ ಮಿಲಿಮೀಟರ್, ಪಿಕ್ಸೆಲ್ ಗಾತ್ರ ಸರಿಯಾಗಿ ಕೊಡಿ, ಇಂಟರ್ನೆಟ್ ಇರಲಿ. ನಂತರ ಉಳಿದ ಹಸಿರನ್ನು ತೆಗೆಯುವ ಸಾಧನ ಬಳಸಿ.

ಎರಡು ಮತ್ತು ಮೂರನ್ನು ಅದಲು ಬದಲು ಮಾಡಿದರೆ ಊರಿನ ದೀಪದ ಬಣ್ಣಕ್ಕೆ ನಕ್ಷತ್ರಗಳ ಬಣ್ಣ ಹೊಂದಿಕೊಂಡು ಎಲ್ಲವೂ ತಪ್ಪುತ್ತದೆ.

## ಹಂತ 10: ಬೆಳಕನ್ನು ಹಿಗ್ಗಿಸುವುದು

ಈಗ ನೋಟವನ್ನು ಆಟೊಸ್ಟ್ರೆಚ್‌ನಿಂದ ಲೀನಿಯರ್‌ಗೆ ಮರಳಿಸಿ. ಪರದೆ ಮತ್ತೆ ಕಪ್ಪಾಗುತ್ತದೆ. ಜನರಲೈಸ್ಡ್ ಹೈಪರ್ಬೋಲಿಕ್ ಸ್ಟ್ರೆಚ್ ಅಥವಾ ಆಸಿಂಚ್ ಸಾಧನದಿಂದ ಸ್ವಲ್ಪ ಸ್ವಲ್ಪವಾಗಿ, ನಾಲ್ಕೈದು ಸಲ ಬೆಳಗಿಸಿ. ಒಂದೇ ಏಟಿಗೆ ಎಳೆದರೆ ನಕ್ಷತ್ರಗಳು ಬಣ್ಣ ಕಳೆದುಕೊಂಡು ಬಿಳಿ ಬಿಲ್ಲೆಗಳಾಗುತ್ತವೆ.

ಎಲ್ಲಿ ನಿಲ್ಲಿಸಬೇಕು? ಹಿಸ್ಟೋಗ್ರಾಮಿನ ಎಡತುದಿ ಗೋಡೆಗೆ ತಾಗುವ ಮುಂಚೆ. ಹಿನ್ನೆಲೆಯನ್ನು ಕಡುಗಪ್ಪು ಮಾಡುವ ಆಸೆ ಎಲ್ಲರಿಗೂ ಇರುತ್ತದೆ. ಕಡುಗಪ್ಪು ಮಾಡಿದ ಕ್ಷಣ, ಒಂದೂವರೆ ಗಂಟೆ ಚಳಿಯಲ್ಲಿ ನಿಂತು ಕೂಡಿಸಿದ ತೆಳು ಧೂಳನ್ನು ಕತ್ತರಿಸಿ ಎಸೆದಂತೆ. ಆಕಾಶ ಕಡು ಬೂದು ಬಣ್ಣದಲ್ಲಿರಲಿ. ಮೂರೂ ಸ್ಟ್ಯಾಕುಗಳನ್ನು ಬೇರೆಬೇರೆಯಾಗಿ ಹಿಗ್ಗಿಸಿ, ಸಣ್ಣವನ್ನು ನಡುಭಾಗ ಸುಟ್ಟುಹೋಗದಷ್ಟೇ ಎಳೆದು, 16 ಬಿಟ್ ಟಿಫ್ ಆಗಿ ಉಳಿಸಿ.

## ಹಂತ 11: ನಡುಭಾಗವನ್ನು ಕೂರಿಸುವುದು

ಗಿಂಪ್ ಉಚಿತ, ಸಾಕು. 10 ಸೆಕೆಂಡಿನ ಚಿತ್ರ ಕೆಳಪದರ, 60 ಸೆಕೆಂಡಿನದು ಮೇಲ್ಪದರ. ಮೇಲ್ಪದರಕ್ಕೆ ಲೇಯರ್ ಮಾಸ್ಕ್ ಸೇರಿಸುವಾಗ ಆ ಪದರದ್ದೇ ಕಪ್ಪು-ಬಿಳುಪು ನಕಲನ್ನು ಆರಿಸಿ, ಮಾಸ್ಕನ್ನು ಇನ್ವರ್ಟ್ ಮಾಡಿ. ಈಗ ಎಲ್ಲಿ ಮೇಲಿನ ಚಿತ್ರ ಬೆಳ್ಳಗಿದೆಯೋ ಅಲ್ಲಿ ಅದು ಪಾರದರ್ಶಕವಾಗಿ ಕೆಳಗಿನದು ಇಣುಕುತ್ತದೆ. ಮಾಸ್ಕಿನ ಮೇಲೆ ಕರ್ವ್ಸ್ ಬಳಸಿ, ಅತ್ಯಂತ ಪ್ರಖರವಾದ ಜಾಗ ಮಾತ್ರ ಕಪ್ಪಾಗಿ ಉಳಿದದ್ದೆಲ್ಲ ಬಿಳಿಯಾಗುವಂತೆ ಮಾಡಿ. ನಂತರ ಮಾಸ್ಕಿಗೆ 30 ಪಿಕ್ಸೆಲ್ಲಿನಷ್ಟು ಗಾಸಿಯನ್ ಬ್ಲರ್ ಕೊಡಿ. 2 ಸೆಕೆಂಡಿನದನ್ನು ಟ್ರಪೀಜಿಯಂನ ಸುತ್ತಲಿನ ಸಣ್ಣ ಜಾಗಕ್ಕೆ ಇದೇ ರೀತಿ ಸೇರಿಸಿ.

ಇಲ್ಲಿ ಕೈ ಬಿಗಿಹಿಡಿಯಬೇಕು. ನಡುಭಾಗ ಸುತ್ತಲಿನ ರೆಕ್ಕೆಗಳಿಗಿಂತ ಮಂಕಾದರೆ, ಅಥವಾ ಅದರ ಸುತ್ತ ಬೂದಿಯ ಬಳೆಯೊಂದು ಕಂಡರೆ ಮಾಸ್ಕ್ ಜಾಸ್ತಿಯಾಗಿದೆ. ನೀಹಾರಿಕೆಯ ಒಡಲು ಅದರ ಅತಿ ಪ್ರಖರ ಭಾಗವಾಗಿಯೇ ಕಾಣಬೇಕು, ಆದರೆ ಒಳಗೆ ಮಡಿಕೆಗಳಿರಬೇಕು.

ನಾಯ್ಸ್ ತೆಗೆಯುವ ಸಾಧನವನ್ನು ಕೊನೆಗೆ, ಅರ್ಧ ಶಕ್ತಿಯಲ್ಲಿ ಬಳಸಿ. ಅನಿಲ ಪ್ಲಾಸ್ಟಿಕ್ಕಿನಂತೆ ನುಣುಪಾದರೆ ಹಿಂದಕ್ಕೆ ಬನ್ನಿ. ಬಣ್ಣದ ಗಾಢತೆಯನ್ನು ಹೆಚ್ಚಿಸಿದ ಮೇಲೆ ಒಂದು ರಾತ್ರಿ ಬಿಟ್ಟು ಮರುದಿನ ಬೆಳಗ್ಗೆ ನೋಡಿ. ಹೆಚ್ಚುಕಡಿಮೆ ಪ್ರತಿ ಸಲವೂ ನಾನು ಮರುದಿನ ಅದನ್ನು ಇಳಿಸಿದ್ದೇನೆ.

ಮುಗಿದ ಮೇಲೆ ರಾ ಫೈಲ್‌ಗಳನ್ನು, ಅವುಗಳ ಡಾರ್ಕ್, ಫ್ಲ್ಯಾಟ್, ಬಯಾಸ್ ಸಮೇತ, ತಾರೀಕು ಬರೆದ ಫೋಲ್ಡರಿನಲ್ಲಿ ಇಡಿ. ಮುಂದಿನ ಅಮಾವಾಸ್ಯೆಗೆ ಅದೇ ಲೆನ್ಸ್, ಅದೇ ಅಪರ್ಚರ್ ಇಟ್ಟು ಇನ್ನೊಂದೂವರೆ ಗಂಟೆ ತೆಗೆದರೆ, ಪ್ರತಿ ರಾತ್ರಿಯ ಚಿತ್ರಗಳನ್ನು ಆ ರಾತ್ರಿಯದೇ ಫ್ಲ್ಯಾಟ್‌ಗಳಿಂದ ಸರಿಪಡಿಸಿ, ಎರಡನ್ನೂ ಒಂದೇ ಸ್ಟ್ಯಾಕಿಗೆ ಸೇರಿಸಬಹುದು.